ನಿಕಾಸಿಯೋ ಕೋರಿಯಾ ನಿಂತಿದ್ದ ಲೇತ್

ನಮ್ಮ ಊರಿನ ಗ್ಯಾರೇಜುಗಳಲ್ಲಿ ಕಾರಿಗೆ ಜಾಗ ಸಿಗುವುದು ಅಪರೂಪ. ಕಾರು ಬೀದಿಯ ಬಿಸಿಲಿನಲ್ಲಿ ಒಣಗುತ್ತಿರುತ್ತದೆ, ಒಳಗೆ ತಣ್ಣಗೆ ಕಬ್ಬಿಣ ಕಡೆಯುವ ಲೇತ್ ಕೂತಿರುತ್ತದೆ. ಸಾಂತಾ ಫೇ ಬಯಲಿನ ಅರ್ಧ ಹೊಲಗಳಿಗೆ ಬಿತ್ತನೆ ಯಂತ್ರ ಮಾಡಿಕೊಟ್ಟ ಊರು ಇದು. ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕಬ್ಬಿಣ ಕಡೆದವನು ನಿವೃತ್ತನಾದ ಮರುವಾರವೇ ಮನೆಯಲ್ಲಿ ಮತ್ತೆ ಕಡೆಯಲು ಶುರುಮಾಡುತ್ತಾನೆ.

ನನ್ನ ಹೆಸರು ದಾರ್ದೊ. ಊರಿನ ದೊಡ್ಡ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದೆ. ಅದು ಮುಚ್ಚಿದ ಮೇಲೆ ಅದೂ ಇದೂ ಮಾಡಿ, ಈಗ ಹತ್ತು ವರ್ಷದಿಂದ ಇಂಥ ಮನೆಗಳ ಯಂತ್ರಗಳಿಗೆ ಡಿಜಿಟಲ್ ರೀಡ್‌ಔಟ್ ಕೂರಿಸಿಕೊಡುತ್ತಿದ್ದೇನೆ. ಉಳಿ ಹೊತ್ತು ಸರಿಯುವ ಭಾಗಕ್ಕೆ ಒಂದು ಗಾಜಿನ ಪಟ್ಟಿ, ಅದನ್ನು ಓದುವ ಒಂದು ಪುಟ್ಟ ಕಣ್ಣು, ಅಲ್ಲಿಂದ ತಂತಿ, ತಂತಿಯ ತುದಿಗೆ ಪರದೆ. ಉಳಿ ಎಷ್ಟು ಸರಿಯಿತೆಂದು ಪರದೆ ಕೆಂಪು ಅಂಕಿಯಲ್ಲಿ ತೋರಿಸುತ್ತದೆ. ಉಳಿ ಸರಿಸುವ ಹಿಡಿಯ ಬಳೆಯ ಮೇಲೆ ಕೊರೆದ ಸಣ್ಣ ಗೆರೆಗಳನ್ನು ಕಣ್ಣು ಕಿರಿದು ಮಾಡಿ ಎಣಿಸುವ ಕಷ್ಟ ತಪ್ಪುತ್ತದೆ.

ಕಳೆದ ವರ್ಷ ಮಾರ್ಚ್ ತಿಂಗಳಲ್ಲಿ ಎಲ್ಸೀರಾ ಅಮ್ಮ ಫೋನ್ ಮಾಡಿದರು. ಅವರ ಗಂಡ ದೋನ್ ಓವಿದಿಯೋ ಬರ್ತೊರೆಲ್ಲೋ ನಮ್ಮ ಕಾರ್ಖಾನೆಯ ಲೇತ್ ವಿಭಾಗದ ಮೇಸ್ತ್ರಿಯಾಗಿದ್ದವರು. ವಯಸ್ಸು ಎಪ್ಪತ್ತಾರು. ಎರಡೂ ಕಣ್ಣಿನ ನೋಟದ ನಡುವೆ ಮಸುಕು ಬಂದು ಬಳೆಯ ಗೆರೆ ಕಾಣದಂತಾಗಿತ್ತು. ಕಾರ್ಖಾನೆ ಮುಚ್ಚಿದಾಗ ಹರಾಜಿನಲ್ಲಿ ಕೊಂಡು ತಂದ ಹಸಿರು ಬಣ್ಣದ ಲೇತ್ ಅವರದು. ಅದರ ಮೇಲೆ ಒಂದು ದಿನವೂ ಧೂಳು ಕೂರಲು ಬಿಟ್ಟವರಲ್ಲ.

ಬಾಗಿಲಲ್ಲೇ ದೋನ್ ಓವಿದಿಯೋ ಶುರುಮಾಡಿದರು, ಕಾರ್ಖಾನೆಯಲ್ಲಿ ನನಗಿದ್ದ ಅಡ್ಡಹೆಸರಿನಿಂದಲೇ. "ಬಾರೋ ತಂತಿ, ಇದೇನು ಬರೋ ಹೊತ್ತು? ಊಟ ಮಾಡಿ ಒಂದು ನಿದ್ದೆನೂ ತೆಗೆದು ಬಂದ್ಯಾ, ಸಾಂತಿಯಾಗೋದವರ ಥರ?"

ಉತ್ತರದ ಸಾಂತಿಯಾಗೋ ಪ್ರಾಂತದವರು ಸೋಮಾರಿಗಳು, ನಿಂತಲ್ಲೇ ನಿದ್ದೆ ಮಾಡುತ್ತಾರೆ ಎಂಬ ಮಾತು ನಮ್ಮಲ್ಲಿ ಉಪ್ಪಿನಷ್ಟು ಸಾಮಾನ್ಯ. ನಾನೂ ನಕ್ಕೆ.

"ಕೈಗೆ ಇದೆಲ್ಲ ಬೇಕಾಗಿರ್ಲಿಲ್ಲ ಕಣೋ," ಎಂದರು, ಪೆಟ್ಟಿಗೆ ಬಿಚ್ಚುತ್ತಿದ್ದ ನನ್ನ ಬೆನ್ನಿಗೆ. "ಕಣ್ಣು ಕೈಕೊಡ್ತು, ಏನ್ ಮಾಡ್ಲಿ."

ಮೊದಲ ದಿನವೆಲ್ಲ ಕೂರಿಸುವುದೇ ಆಯಿತು. ಗಾಜಿನ ಪಟ್ಟಿ ಉಳಿ ಸರಿಯುವ ದಾರಿಗೆ ಸಮಾನಾಂತರವಾಗಿರಬೇಕು. ಒಂದು ತುದಿ ಎದ್ದರೂ ಅಂಕಿ ದಾರಿ ತಪ್ಪುತ್ತದೆ. ಕೂದಲೆಳೆ ಸರಿದರೂ ಮುಳ್ಳು ತೋರುವ ಡಯಲ್ ಗೇಜ್ ಹಚ್ಚಿ, ಸ್ಕ್ರೂ ಸಡಿಲಿಸಿ, ಒಂದು ಪೆಟ್ಟು ಕೊಟ್ಟು, ಮತ್ತೆ ಬಿಗಿದು, ಮತ್ತೆ ನೋಡಿ. ದೋನ್ ಓವಿದಿಯೋ ಪಕ್ಕದ ಸ್ಟೂಲಿನ ಮೇಲೆ ಕೂತು ಮಾಟೆ ಎಂಬ ಕಹಿ ಎಲೆಯ ಕಷಾಯ ಹೀರುತ್ತ, ಅದರ ಸೋರೆ ಬುರುಡೆಗೆ ಬಿಸಿನೀರು ತುಂಬಿ ನನಗೂ ಕೊಡುತ್ತ, ನಾನು ಕೊರೆಯುವ ಪ್ರತಿಯೊಂದು ತೂತಿಗೂ ತಕರಾರು ಎತ್ತುತ್ತಿದ್ದರು. "ಅಲ್ಲಿ ತೂತು ಹಾಕ್ಬೇಡ. ನಿಮ್ಮಪ್ಪನ ಮನೆ ಲೇತಾ ಇದು?"

ಎರಡನೇ ದಿನ ಹೊಂದಿಸುವ ಕೆಲಸ. ಉದ್ದದ ಕಡೆ ಎಲ್ಲ ಸರಿಹೋಯಿತು. ಅಡ್ಡದ ಕಡೆ, ಎಂದರೆ ವ್ಯಾಸ ನಿರ್ಧರಿಸುವ ಕಡೆ, ಪರದೆಯನ್ನೂ ಬಳೆಯನ್ನೂ ಹೋಲಿಸಿ ನೋಡುತ್ತಿದ್ದೆ. ನಲವತ್ತು ಮಿಲಿಮೀಟರ್ ವ್ಯಾಸದಿಂದ ಶುರುಮಾಡಿ ಹಿಡಿಯನ್ನು ಒಂದು ಸುತ್ತು ತಿರುಗಿಸಿದರೆ ವ್ಯಾಸ ನಾಲ್ಕು ಮಿಲಿಮೀಟರ್ ಇಳಿಯಬೇಕು. ಮೊದಲ ಸುತ್ತಿಗೆ ನಾಲ್ಕು. ಎರಡನೆಯದಕ್ಕೆ ಎಂಟು. ಮೂರನೆಯದಕ್ಕೆ ಹನ್ನೆರಡಕ್ಕಿಂತ ಮಿಲಿಮೀಟರಿನ ನಾಲ್ಕು ನೂರಾಂಶ ಕಡಿಮೆ. ನಾಲ್ಕನೆಯದಕ್ಕೆ ಹದಿನಾರಕ್ಕಿಂತ ಎಂಟು ನೂರಾಂಶ ಕಡಿಮೆ. ಇನ್ನೆರಡು ಸುತ್ತು ಹೋದರೆ ಮತ್ತೆ ಸರಿ.

ತಪ್ಪು ನನ್ನದೇ ಎಂದುಕೊಂಡೆ. ಪಟ್ಟಿ ಓರೆಯಾಗಿದ್ದರೆ ತಪ್ಪು ಈ ತುದಿಯಿಂದ ಆ ತುದಿಗೆ ಬೆಳೆಯುತ್ತ ಹೋಗುತ್ತದೆ, ನಡುವೆ ಮಾತ್ರ ಹೀಗೆ ಕುಸಿದು ಏಳುವುದಿಲ್ಲ. ಆದರೂ ಪಟ್ಟಿಯನ್ನು ಮತ್ತೆ ಅಳೆದೆ. ತಂತಿ ಬದಲಾಯಿಸಿದೆ. ಕಡೆಗೆ ಪರದೆಯನ್ನು ಬಿಟ್ಟು, ಡಯಲ್ ಗೇಜನ್ನೇ ಉಳಿಯ ಪೀಠಕ್ಕೆ ಹಚ್ಚಿ ನೋಡಿದೆ. ಗೇಜು ಪರದೆ ಹೇಳಿದ್ದನ್ನೇ ಹೇಳಿತು.

"ಪರದೆ ಸರಿಯಾಗೇ ಇದೆ, ದೋನ್ ಓವಿದಿಯೋ. ಉಳಿ ಸರಿಸೋ ಒಳಗಿನ ಸ್ಕ್ರೂ ನಡುವೆ ಸವೆದಿದೆ. ಅಲ್ಲಿ ಬಳೆ ಒಂದು ಹೇಳುತ್ತೆ, ಉಳಿ ಇನ್ನೊಂದು ಮಾಡುತ್ತೆ. ಯಾವ ಅಳತೇಲಿ ಗೊತ್ತಾ? ಇಪ್ಪತ್ತೈದು ಮಿಲಿಮೀಟರಿನ ಆಸುಪಾಸು."

ಅವರು ಬುರುಡೆಯನ್ನು ಬೆಂಚಿನ ಮೇಲಿಟ್ಟರು. "ಮೊನ್ನೆ ಮೊನ್ನೆ ಸವೆದಿರ್ಬೇಕು."

"ಮನೇಲಿ ತಿಂಗಳಿಗೆ ನಾಲ್ಕು ತುಂಡು ಕಡೆದ್ರೆ ಇಷ್ಟು ಸವೆಯಲ್ಲ. ಇದು ಕಾರ್ಖಾನೆ ಸವೆತ. ಬನ್ನಿ, ನೀವೇ ತಿರುಗಿಸಿ. ನಾನು ಗೆರೆ ಓದ್ತೀನಿ, ಹೇಳಿದಾಗ ನಿಲ್ಲಿಸಿ."

ಅವರು ಪರದೆಯ ಕಡೆ ನೋಡದೆ ಹಿಡಿ ಹಿಡಿದರು. ನಾನು ಬಳೆ ನೋಡುತ್ತ ಇಪ್ಪತ್ತೈದಕ್ಕೆ ಬಂದಾಗ "ನಿಲ್ಲಿಸಿ" ಎಂದೆ. ಕೈ ನಿಂತಿತು. ಆಮೇಲೆ, ಉಪ್ಪು ಹಾಕಿದ ಮೇಲೆ ಇನ್ನೊಂದು ಚಿಟಿಕೆ ಹಾಕುವಂತೆ, ಮೆಲ್ಲಗೆ ನಾಲ್ಕು ಗೆರೆ, ಎಂದರೆ ಎಂಟು ನೂರಾಂಶ, ಮುಂದೆ ಹೋಯಿತು. ಪರದೆಯ ಮೇಲೆ ಇಪ್ಪತ್ತೈದು ಬಂದು ಕೂತಿತು.

"ದಾಟಿಸಿದ್ರಿ," ಎಂದೆ.

"ಇಲ್ಲ."

"ನಾಲ್ಕು ಗೆರೆ ದಾಟಿಸಿದ್ರಿ. ಇನ್ನೊಂದ್ಸಲ ಮಾಡಿ."

ಇನ್ನೊಮ್ಮೆಯೂ ಅದೇ. ಮೂರನೆಯ ಸಲ ಅವರು ಹಿಡಿ ಬಿಟ್ಟು ತಮ್ಮ ಕೈಯನ್ನೇ ನೋಡಿಕೊಂಡರು. "ಕೋರಿಯಾ," ಎಂದರು.

ಆ ಹೆಸರನ್ನು ನಾನು ಕೇಳಿ ಎಷ್ಟೋ ವರ್ಷವಾಗಿತ್ತು. ನಿಕಾಸಿಯೋ ಕೋರಿಯಾ ಸಾಂತಿಯಾಗೋದಿಂದ ಬಂದು ನಮ್ಮಲ್ಲಿ ಟರ್ನರ್ ಆಗಿದ್ದವನು. ನಾವೆಲ್ಲ ಇಟಲಿಯಿಂದ ಬಂದ ಅಜ್ಜಂದಿರ ಮೊಮ್ಮಕ್ಕಳು. ಇಡೀ ವಿಭಾಗದಲ್ಲಿ ಅವನೊಬ್ಬನೇ ಬೇರೆ ಮುಖ. ಈ ಹಸಿರು ಲೇತ್ ಅವನದು. ಎಂಬತ್ತಾರರ ಚಳಿಗಾಲ ಅವನು ಬಿತ್ತನೆ ಯಂತ್ರದ ಶಾಫ್ಟುಗಳನ್ನು ಕಡೆಯುತ್ತಿದ್ದ. ಒಂದು ಕಡೆ ನಲವತ್ತು ಮಿಲಿಮೀಟರ್ ದಪ್ಪ, ಬೇರಿಂಗ್ ಕೂರುವ ಕಡೆ ಇಪ್ಪತ್ತೈದು. ಒಂದು ಕಂತು ಶಾಫ್ಟುಗಳು ಆ ತುದಿಯಲ್ಲಿ ಕೂದಲೆಳೆಯಷ್ಟು ದಪ್ಪ ಬಂದವು. ಜೋಡಿಸುವವರು ಬೇರಿಂಗನ್ನು ಸುತ್ತಿಗೆಯಿಂದ ಬಡಿದು ಕೂರಿಸಿದರು. ವಸಂತದಲ್ಲಿ ಬಿತ್ತನೆ ನಡುವೆಯೇ ಹದಿನಾಲ್ಕು ಯಂತ್ರಗಳು ಹೊಲದಲ್ಲಿ ಕಚ್ಚಿಕೊಂಡು ನಿಂತವು.

ಕೋರಿಯಾ ಒಂದೇ ಮಾತು ಹೇಳಿದ್ದ: "ಮಷೀನ್ ಸುಳ್ಳು ಹೇಳುತ್ತೆ." ದೋನ್ ಓವಿದಿಯೋ ಎಲ್ಲರ ಮುಂದೆ ಗೇಜ್ ಹಚ್ಚಿ ಹಿಡಿಯನ್ನು ಎರಡು ಸುತ್ತು ತಿರುಗಿಸಿ ತೋರಿಸಿದ್ದರು. ಮಷೀನ್ ಸರಿಯಾಗಿದೆ ಎಂದು ಗೇಜು ತೋರಿಸಿತ್ತು. "ಮಷೀನ್‌ಗೆ ನಿದ್ದೆ ಬರಲ್ಲ ಕಣಯ್ಯ, ನಿನಗೆ ಬರುತ್ತೆ," ಎಂದಿದ್ದರು. ನಲವತ್ತು ಜನ ನಕ್ಕಿದ್ದರು. ಆ ಮಧ್ಯಾಹ್ನವೇ ಅವನನ್ನು ಕೆಲಸದಿಂದ ತೆಗೆದಿದ್ದರು.

"ಗೇಜ್ ಎಲ್ಲಿ ಹಚ್ಚಿದ್ರಿ ಆವತ್ತು?" ಎಂದು ಕೇಳಿದೆ.

"ಹೊರತುದೀಲಿ, ಸ್ಕ್ರೂ ಸವೆಯದ ಕಡೆ. ಹಚ್ಚೋಕೆ ಸುಲಭ ಅಲ್ವಾ, ಅಲ್ಲೇ." ಅವರು ಸ್ಟೂಲಿನ ಮೇಲೆ ಕುಸಿದರು. "ಮನೆಗೆ ತಂದ್ಮೇಲೆ ಇದರ ಮೇಲೆ ಇಪ್ಪತ್ತೈದು ವರ್ಷ ಕಡೆದಿದೀನಿ. ಕೈ ಯಾವಾಗಿಂದ ಹೀಗೆ ದಾಟಿಸ್ತಿದೆಯೋ. ನಂಗೆ ಗೊತ್ತಿತ್ತೇನೋ, ದಾರ್ದೊ? ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇದ್ನಾ?"

ನನಗೆ ಆ ಪ್ರಶ್ನೆಗಿಂತ ನನ್ನ ನೆನಪೇ ಹೆಚ್ಚು ಕಾಡುತ್ತಿತ್ತು. ಆ ನಲವತ್ತು ಜನರಲ್ಲಿ ನಾನೂ ಇದ್ದೆ.

ಗಂಡ ನಾಲ್ಕು ದಿನ ಸರಿಯಾಗಿ ಊಟ ಮಾಡಲಿಲ್ಲವೆಂದು ಎಲ್ಸೀರಾ ಅಮ್ಮ ಫೋನಿನಲ್ಲಿ ಹೇಳಿದರು. "ಏನೋ ಮಾಡಿದ್ಯಪ್ಪ ನೀನು, ಆ ಪೆಟ್ಟಿಗೆ ತಂದು. ಗ್ಯಾರೇಜಿಗೆ ಬೀಗ ಹಾಕಿದಾರೆ. ರಾತ್ರಿಯೆಲ್ಲ ಕೈ ನೋಡ್ಕೊಂಡು ಕೂರ್ತಾರೆ." ಐದನೇ ದಿನ ಬೆಳಿಗ್ಗೆ ದೋನ್ ಓವಿದಿಯೋ ತಾವೇ ನಮ್ಮ ಮನೆಗೆ ಬಂದರು. ಇಸ್ತ್ರಿ ಮಾಡಿದ ಶರ್ಟು, ಗಡ್ಡ ಬೋಳಿಸಿದ ಮುಖ. "ನಡಿ, ಅವನ ಮನೆ ತೋರ್ಸು," ಎಂದರು. ಮನೆ ಅವರಿಗೂ ಗೊತ್ತಿತ್ತು. ಒಬ್ಬರೇ ಹೋಗಲು ಧೈರ್ಯ ಬರಲಿಲ್ಲ, ಅಷ್ಟೇ.

ರೈಲು ಹಳಿ ದಾಟಿದರೆ ನಿಕಾಸಿಯೋನ ಮನೆ. ಅವನು ಜಗಲಿಯಲ್ಲಿ ಸೈಕಲ್ ರಿಪೇರಿ ಮಾಡುತ್ತಾನೆ. ಊರು ಸಣ್ಣದು, ಮೂವತ್ತಮೂರು ವರ್ಷ ಅವರಿಬ್ಬರೂ ಒಂದೇ ಬೇಕರಿಯಲ್ಲಿ ರೊಟ್ಟಿ ಕೊಂಡಿದ್ದಾರೆ. ಮಾತು ಮಾತ್ರ ಆಡಿಲ್ಲ. ಅವನಿಗೆ ಅರವತ್ತೊಂದು, ನನಗಿಂತ ಎರಡು ವರ್ಷ ದೊಡ್ಡವನು. ತಲೆಕೆಳಗಾಗಿ ನಿಲ್ಲಿಸಿದ್ದ ಸೈಕಲ್ಲಿನ ಹಿಂದೆ ಕೂತಿದ್ದವನು ನಮ್ಮನ್ನು ನೋಡಿದರೂ ಏಳಲಿಲ್ಲ.

"ಸೈಕಲ್ ಕೆಟ್ಟಿದ್ಯಾ, ಮೇಸ್ತ್ರಿಗಳೇ?"

ದೋನ್ ಓವಿದಿಯೋ ನಿಂತೇ ಎಲ್ಲ ಹೇಳಿದರು. ಪರದೆ, ಗೇಜ್, ಸವೆದ ಸ್ಕ್ರೂ. ನಿಕಾಸಿಯೋ ಚಕ್ರವನ್ನು ಮೆಲ್ಲಗೆ ತಿರುಗಿಸುತ್ತ ಕೇಳಿದ.

"ಎಷ್ಟು?"

"ಎಂಟು ನೂರಾಂಶ."

"ಎಲ್ಲಿ?"

"ಇಪ್ಪತ್ತೈದರ ಹತ್ರ."

ಚಕ್ರ ನಿಂತಿತು. ಅವನು ನನ್ನ ಕಡೆ ತಿರುಗಿದ. "ಮೈಕ್ರೋಮೀಟರ್ ವಿಷಯ ಹೇಳಿದ್ರಾ ನಿಂಗೆ?"

ನಾನು ಇಲ್ಲವೆಂದು ತಲೆಯಾಡಿಸಿದೆ. ದೋನ್ ಓವಿದಿಯೋ ನೆಲ ನೋಡುತ್ತಿದ್ದರು.

"ನಂಗೆ ಆಗ್ಲೇ ಅನುಮಾನ ಇತ್ತು. ಬಳೆ ನಂಬ್ದೆ ಒಂದೊಂದನ್ನೂ ಮೈಕ್ರೋಮೀಟರ್ ಹಿಡಿದು ಅಳೀತಿದ್ದೆ. ಹಾಗಾಗಿ ದಿನಕ್ಕೆ ಅರವತ್ತು ಶಾಫ್ಟ್ ಆಗ್ತಿತ್ತು. ಇವರಿಗೆ ತೊಂಬತ್ತು ಬೇಕಿತ್ತು. ಒಂದಿನ ಬಂದು ನನ್ನ ಕೈಯಿಂದ ಮೈಕ್ರೋಮೀಟರ್ ಕಿತ್ಕೊಂಡು ತಮ್ಮ ಡ್ರಾಯರ್‌ಗೆ ಹಾಕಿ ಬೀಗ ಹಾಕಿದ್ರು. 'ಗೆರೆ ನೋಡಿ ಹೊಡಿ, ಸೋಮಾರಿ' ಅಂದ್ರು. ಹೊಡೆದೆ. ಆ ಶಾಫ್ಟ್‌ಗಳೇ ಅವು."

ಒಳಗೆ ಎಲ್ಲೋ ರೇಡಿಯೋ ಹಾಡುತ್ತಿತ್ತು.

"ಹೌದಾ, ದೋನ್ ಓವಿದಿಯೋ?" ಎಂದೆ.

"ಹೌದು."

"ನೀನೂ ನಕ್ಕೆ," ಎಂದ ನಿಕಾಸಿಯೋ ನನಗೆ. "ನೀನು ಏಣಿ ಮೇಲಿದ್ದೆ, ಬಲ್ಬ್ ಹಾಕ್ತಿದ್ದೆ. ಮೇಲಿಂದ ನಕ್ಕಿದ್ದು ಜಾಸ್ತಿ ಕೇಳುತ್ತೆ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾಗಿತ್ತು. "ಮೊದಲ್ನೇ ವರ್ಷ ನಿಮ್ಮೆಲ್ರ ಮೇಲೂ ಸಿಟ್ಟಿತ್ತು. ಆಮೇಲೆ ಅದೂ ಹೋಯ್ತು. ಅಷ್ಟು ಜನ ಹೇಳ್ತಾರೆ ಅಂದ್ಮೇಲೆ ನನ್ನ ಕೈಯಲ್ಲೇ ಏನೋ ಕೆಟ್ಟಿರ್ಬೇಕು ಅಂತ ನಾನೇ ನಂಬ್ಬಿಟ್ಟೆ. ಈ ಊರಲ್ಲಿ ಯಾರೂ ಲೇತ್ ಮುಟ್ಟೋಕೆ ಬಿಡ್ಲಿಲ್ಲ, ಅದಿರ್ಲಿ. ರೊಸಾರಿಯೋದಲ್ಲಿ ಒಬ್ರು ಕರೆದ್ರು. ಒಳ್ಳೇ ಕೆಲಸ. ಬಸ್ ಸ್ಟ್ಯಾಂಡ್‌ವರೆಗೂ ಹೋಗಿ ವಾಪಸ್ ಬಂದೆ. ಅಲ್ಲೂ ಇನ್ನೊಂದಿಷ್ಟು ಹಾಳು ಮಾಡಿದ್ರೆ ಅಂತ ಹೆದರ್ಕೊಂಡು. ಇಪ್ಪತ್ತೊಂಬತ್ತು ವರ್ಷ ಆಗ ನಂಗೆ."

"ನಿಕಾಸಿಯೋ, ಕ್ಷಮಿಸು—"

"ಇಲ್ಲಿ ಬೇಡ." ಅವನು ಮೊದಲ ಸಲ ಎದ್ದು ನಿಂತ. "ಇಲ್ಲಿರೋದು ನಾನು, ಈ ನಾಯಿ. ನನ್ನನ್ನ ಹೊರಗೆ ಹಾಕಿದ್ದು ಎಲ್ರ ಮುಂದೆ. ಯಾರ್ ಯಾರು ಉಳಿದಿದಾರೋ, ಅವರ ಮುಂದೆ ಹೇಳಿ. ನಾನು ಬರಲ್ಲ. ಹೇಳಿದ್ರೆ ನಂಗೆ ಗೊತ್ತಾಗುತ್ತೆ."

ವಾಪಸ್ ಬರುವಾಗ ದೋನ್ ಓವಿದಿಯೋ ಹಳಿಯ ಹತ್ತಿರ ನಿಂತು, "ಮೈಕ್ರೋಮೀಟರ್ ಕಿತ್ಕೊಂಡಿದ್ದನ್ನ ಮರೆತಿದ್ದೆ ಅಂದ್ರೆ ನಂಬ್ತೀಯಾ?" ಎಂದರು. ನಾನು ಅವರ ತೋಳು ಹಿಡಿದು ಹಳಿ ದಾಟಿಸಿದೆ.

ಭಾನುವಾರ ಬೆಳಿಗ್ಗೆ ಹಳೆ ಕಾರ್ಖಾನೆಯವರು ಕ್ಲಬ್ಬಿನ ಅಂಗಳದಲ್ಲಿ ಬೋಚಸ್ ಆಡುತ್ತಾರೆ, ಮರದ ಚೆಂಡು ಉರುಳಿಸುವ ಆಟ. ನಲವತ್ತರಲ್ಲಿ ಉಳಿದಿರುವವರು ಹನ್ನೊಂದು ಜನ. ನಾವು ಹೋದಾಗ ಆಟ ಅರ್ಧದಲ್ಲಿತ್ತು. ದೋನ್ ಓವಿದಿಯೋ ಅಂಕಣದ ನಡುವೆಯೇ ಹೋಗಿ ನಿಂತುಬಿಟ್ಟರು.

"ಏನ್ ಮೇಸ್ತ್ರಿ, ದಾರಿ ಕಾಣ್ತಿಲ್ವಾ? ಚೆಂಡು ಕಾಲಿಗೆ ಬಡೀತದೆ!" ಎಂದು ಹೆರ್ಮಿಂದೋ ಕೂಗಿದ. ಪೇಂಟ್ ವಿಭಾಗದಲ್ಲಿದ್ದವನು, ಯಾವಾಗಲೂ ಅವನ ಬಾಯಿ ಮುಂದು.

"ನಿಕಾಸಿಯೋ ಕೋರಿಯಾ ಕಡೆದ ಶಾಫ್ಟ್ ಹಾಳಾಗಿದ್ದು ಅವನಿಂದಲ್ಲ," ಎಂದರು ದೋನ್ ಓವಿದಿಯೋ. "ಸ್ಕ್ರೂ ಸವೆದಿತ್ತು. ನಾನು ಸರಿಯಾಗಿ ನೋಡ್ಲಿಲ್ಲ. ಅವನು ಹೇಳಿದ್ದೇ ನಿಜ."

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಅಯ್ಯೋ, ಅದಾ," ಎಂದ ಹೆರ್ಮಿಂದೋ. "ಯಾವ ಕಾಲದ್ದು ಮಾರಾಯ್ರೆ! ಕಾರ್ಖಾನೆನೇ ಇಲ್ಲ, ಶಾಫ್ಟ್ ಎಲ್ಲಿಂದ ಬಂತು? ಬನ್ನಿ, ಒಂದು ಗ್ಲಾಸ್ ವರ್ಮುತ್ ತಗೊಳ್ಳಿ."

ಎರಡು ಮೂರು ಜನ ನಕ್ಕರು. ದೋನ್ ಓವಿದಿಯೋ ಕುರ್ಚಿಯ ಕಡೆ ಹೆಜ್ಜೆ ಇಟ್ಟರು. ಹೇಳಿ ಮುಗಿಯಿತೆಂಬ ನಿರಾಳ ಅವರ ಹೆಗಲಲ್ಲಿ ಕಂಡಿತು.

"ಮೈಕ್ರೋಮೀಟರ್," ಎಂದೆ ನಾನು.

ಅವರು ನನ್ನನ್ನು ನೋಡಿದ ನೋಟವನ್ನು ನಾನು ಮರೆಯಲಾರೆ. ಒಂದು ಕ್ಷಣ ಅದರಲ್ಲಿ ಬರೀ ದ್ವೇಷವಿತ್ತು. ಆಮೇಲೆ ಅವರು ತಿರುಗಿ ಅಂಕಣದ ನಡುವಿಗೇ ಬಂದು ಹೇಳಿದರು. ಕೈಯಿಂದ ಕಿತ್ತುಕೊಂಡದ್ದು, ಡ್ರಾಯರು, ಬೀಗ, ತೊಂಬತ್ತು ಶಾಫ್ಟು, ಸೋಮಾರಿ ಎಂದದ್ದು. ಒಂದೊಂದೇ. "ತಪ್ಪು ಮಾಡಿಸಿದ್ದು ನಾನು. ಬೈದಿದ್ದು ಅವನಿಗೆ. ಅವನು ನಮ್ಮೋನಲ್ಲ ಅಂತ ಸುಲಭವಾಯ್ತು."

ಈ ಸಲ ಯಾರೂ ನಗಲಿಲ್ಲ. ನನಗೂ ಸುಮ್ಮನಿರಲಾಗಲಿಲ್ಲ. "ಆವತ್ತು ನಾನು ಏಣಿ ಮೇಲೆ ನಿಂತು ನಕ್ಕಿದ್ದೆ," ಎಂದೆ. "ಯಾಕೆ ನಕ್ಕೆ ಅಂತ ಈಗ್ಲೂ ಗೊತ್ತಿಲ್ಲ. ಎಲ್ರೂ ನಗ್ತಿದ್ರು."

"ನಾನೂ," ಎಂದ ಒಬ್ಬ ಮೂಲೆಯಿಂದ. ಇನ್ನೊಬ್ಬ ಎದ್ದು ಟೋಪಿ ಹಾಕಿಕೊಂಡು ಮನೆಗೆ ಹೋದ. ಹೆರ್ಮಿಂದೋ ಕೈಯಲ್ಲಿದ್ದ ಚೆಂಡನ್ನು ಚಿಂದಿಯಲ್ಲಿ ಒರೆಸುತ್ತಲೇ ಇದ್ದ. ಬಹಳ ಹೊತ್ತಿನ ಮೇಲೆ ಯಾರೋ ಆಟ ಮುಂದುವರಿಸಿದರು.

ಸುದ್ದಿ ಹಳಿ ದಾಟಲು ನಾಲ್ಕು ದಿನ ಸಾಕಾಯಿತು. ಗುರುವಾರ ಬೆಳಿಗ್ಗೆ ನಾನು ಪರದೆಯ ತಂತಿಯನ್ನು ಗೋಡೆಗೆ ಬಿಗಿಯಲು ದೋನ್ ಓವಿದಿಯೋ ಅವರ ಗ್ಯಾರೇಜಿನಲ್ಲಿದ್ದಾಗ ನಿಕಾಸಿಯೋ ಬಂದ. ಎಲ್ಸೀರಾ ಅಮ್ಮ ಮಾಟೆ ಕೊಡಲು ಹೋದರು, ಅವನು ಬೇಡವೆಂದ.

"ನೀವು ಹೊರಗಿರಿ, ಮೇಸ್ತ್ರಿ," ಎಂದ. ದೋನ್ ಓವಿದಿಯೋ ತಮ್ಮದೇ ಗ್ಯಾರೇಜಿನಿಂದ ಎದ್ದು ಅಂಗಳಕ್ಕೆ ಹೋಗಿ ನಿಂಬೆ ಗಿಡದ ಹತ್ತಿರ ನಿಂತರು.

ನಿಕಾಸಿಯೋ ಮೊದಲು ಲೇತನ್ನು ಮುಟ್ಟಲಿಲ್ಲ. ಕೈಯನ್ನು ಪ್ಯಾಂಟಿಗೆ ಉಜ್ಜಿಕೊಂಡು ಸುತ್ತ ಒಂದು ಸಲ ಬಂದ. ಆಮೇಲೆ ಹಿಡಿ ಹಿಡಿದು ತಿರುಗಿಸಿದ. ಬಳೆ ನೋಡಿದ, ಪರದೆ ನೋಡಿದ. ಹಿಂದೆ ಹೋಗಿ ಮತ್ತೆ ಬಂದ. ಐದಾರು ಸಲ. ಪ್ರತಿ ಸಲವೂ ಆ ಜಾಗದಲ್ಲಿ ಅಂಕಿ ಹಿಂದುಳಿಯುತ್ತಿತ್ತು.

"ಇಷ್ಟೇನಾ?" ಎಂದ.

"ಇಷ್ಟೇ."

"ಇಷ್ಟಕ್ಕೆ..." ಎಂದವನು ಮಾತು ನುಂಗಿ ಬೆಂಚಿನಿಂದ ಒಂದು ಕಬ್ಬಿಣದ ಸರಳು ತೆಗೆದುಕೊಂಡು ಲೇತಿಗೆ ಕಚ್ಚಿಸಿದ. ಮೋಟಾರ್ ಹಾಕಿದ. ಮೊದಲ ಸಲ ಉಳಿಯನ್ನು ಜೋರಾಗಿ ಒತ್ತಿ ಮೈಯೆಲ್ಲ ಗೀರು ಮಾಡಿದ. ಎರಡನೆಯ ಸಲ ಅರ್ಧಕ್ಕೆ ನಿಲ್ಲಿಸಿ ಬೆವರು ಒರೆಸಿಕೊಂಡ. ನಾನು ಮೈಕ್ರೋಮೀಟರ್ ಕೊಟ್ಟೆ. ಅವನು ಅಳೆದ, ಕಡೆದ, ಅಳೆದ. ಒಂದು ಗಂಟೆ ಕಳೆಯುವಷ್ಟರಲ್ಲಿ ಸುರುಳಿ ಸುರುಳಿಯಾಗಿ ಚೂರು ಅವನ ಪಾದ ಮುಚ್ಚಿತ್ತು. ಕಡೆಯ ಅಳತೆ ನೋಡಿ ನನಗೆ ತೋರಿಸಿದ. ಇಪ್ಪತ್ತೈದಕ್ಕಿಂತ ಒಂದೇ ಒಂದು ನೂರಾಂಶ ಹೆಚ್ಚು.

"ಕೈ ಸರಿಯಾಗೇ ಇತ್ತು," ಎಂದ. ಹೇಳಿ, ಲೇತಿನ ಮೇಲೆ ಎರಡೂ ಕೈ ಊರಿ ತಲೆ ತಗ್ಗಿಸಿದ. ನಾನು ಅವನ ಬೆನ್ನ ಮೇಲೆ ಕೈ ಇಡಲು ಹೋಗಿ ಹಿಂದೆ ತೆಗೆದೆ. ನನಗೆ ಆ ಹಕ್ಕಿರಲಿಲ್ಲ.

ಹೊರಗೆ ದೋನ್ ಓವಿದಿಯೋ ಅವನು ಬರುವುದನ್ನು ಕಂಡು ನೆಟ್ಟಗೆ ನಿಂತರು, ಏನೋ ಹೇಳಲು ಬಾಯಿ ತೆರೆದರು. ನಿಕಾಸಿಯೋ ಅವರ ಮುಂದೆಯೇ ಹಾದು ಬೀದಿಗೆ ಇಳಿದು ಸೈಕಲ್ ಹತ್ತಿದ.

"ಏನಂದ?" ಎಂದು ಅವರು ಕೇಳಿದರು.

ಹೇಳಿದೆ. ಅವರು ತಲೆಯಾಡಿಸಿ ಒಳಗೆ ಹೋಗಿ ಮಲಗಿದರು.

ಮುಂದಿನ ತಿಂಗಳು ಆ ಲೇತಿಗೆ ಹೊಸ ಸ್ಕ್ರೂ ಹಾಕಿದೆ. ಬಳೆಯೂ ಪರದೆಯೂ ಈಗ ಒಂದೇ ಮಾತು ಹೇಳುತ್ತವೆ. ದೋನ್ ಓವಿದಿಯೋ ಅದರ ಮೇಲೆ ಕೆಲಸ ಮಾಡುವುದು ಕಡಿಮೆ. ಮಾಡಿದರೂ ಕೈ ಹಳೆಯ ಅಭ್ಯಾಸಕ್ಕೆ ಗೆರೆ ದಾಟಿಸಿ ತುಂಡು ಹಾಳಾಗುತ್ತದೆಂದು ಎಲ್ಸೀರಾ ಅಮ್ಮ ಹೇಳಿದರು. ದೋನ್ ಓವಿದಿಯೋ ಅವರೂ ನಿಕಾಸಿಯೋನೂ ಬೇಕರಿಯಲ್ಲಿ ಎದುರಾದರೆ ತಲೆಯಾಡಿಸುತ್ತಾರಂತೆ. ಅಷ್ಟೇ. ಕ್ಷಮಿಸಿದೆ ಎಂಬ ಮಾತು ನಿಕಾಸಿಯೋನ ಬಾಯಿಂದ ಯಾರಿಗೂ ಬಂದಿಲ್ಲ.

ನನ್ನ ಮನೆಯ ಹಿಂದೆ ಒಂದು ಸಣ್ಣ ಲೇತ್ ಇದೆ. ಬೇಕಾದರೆ ಬಂದು ಬಳಸು ಎಂದು ಒಮ್ಮೆ ಅವನಿಗೆ ಹೇಳಿ ಕಳಿಸಿದ್ದೆ. ಎರಡು ತಿಂಗಳು ಬರಲಿಲ್ಲ. ಆಮೇಲೆ ಒಂದು ಮಂಗಳವಾರ ಯಾವುದೋ ಸೈಕಲ್ಲಿನ ಅಚ್ಚು ಹಿಡಿದು ಬಂದ. ಈಗ ಆಗಾಗ ಬರುತ್ತಾನೆ, ತನ್ನ ಕೆಲಸ ಮಾಡಿಕೊಂಡು ಹೋಗುತ್ತಾನೆ. ನಾನು ಏಣಿ ಹತ್ತಿದ್ದ ದಿನದ ಮಾತು ನಮ್ಮಿಬ್ಬರ ನಡುವೆ ಮತ್ತೆ ಬಂದಿಲ್ಲ. ಅವನು ಕೆಲಸ ಮಾಡುವಷ್ಟು ಹೊತ್ತೂ ನಾನು ಅಡುಗೆಮನೆಯಲ್ಲಿ ಕೂತು, ಇವತ್ತಾದರೂ ಆ ಮಾತು ಎತ್ತಬೇಕೆಂದು ಮೋಟಾರಿನ ಸದ್ದು ನಿಲ್ಲುವುದನ್ನೇ ಕಾಯುತ್ತಿರುತ್ತೇನೆ.